ಬಾಣಂತಿ ಕೋಣೆಯ ಮಿಷನ್ನು

ಗುಬ್ಬಿಯ ಪೇಟೆ ಹಿಂದಿನ ಓಣಿಯಲ್ಲಿ ಯಾರಿಗೆ ಹೆರಿಗೆಯಾದರೂ ಸರ್ವಮಂಗಳಮ್ಮನ ಅಪ್ಪಣೆಯಿಲ್ಲದೆ ಆ ಮನೆಯ ಕಿಟಕಿ ತೆರೆಯುವಂತಿರಲಿಲ್ಲ. ಹೆರಿಗೆ ಮಾಡಿಸುವುದು ಆಸ್ಪತ್ರೆಯ ನರ್ಸಮ್ಮನ ಕೆಲಸ. ಆಮೇಲಿನ ಬಾಣಂತನ ಮಾತ್ರ ಸರ್ವಮಂಗಳಮ್ಮನದು. ಕೂಸು ಹುಟ್ಟಿದ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟುಬಿಡುತ್ತಿದ್ದಳು. ಕಿಟಕಿ ಮುಚ್ಚು, ಸಂದಿಗೆ ಗೋಣಿಚೀಲ ತುರುಕು, ಬಾಣಂತಿಯ ಕಿವಿಗೆ ಹತ್ತಿ ಇಡು, ತಲೆಗೆ ಬಟ್ಟೆ ಕಟ್ಟು, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡು. ಗಾಳಿ ಸೋಕಿದರೆ ಶೀತ, ಶೀತವಾದರೆ ಸನ್ನಿ, ಸನ್ನಿಯಾದರೆ ಮುಗಿಯಿತಲ್ಲ ಕಥೆ. ತಾನು ನೋಡಿಕೊಂಡ ಬಾಣಂತಿಯರಲ್ಲಿ ಒಬ್ಬಳಿಗೂ ಏನೂ ಕಷ್ಟವಾಗಿಲ್ಲ ಎಂಬುದು ಅವಳ ಹೆಮ್ಮೆ. ಕಷ್ಟವಾಗಿದ್ದರೂ ಅದನ್ನು ಅವಳ ಮುಂದೆ ಹೇಳುವ ಎದೆಗಾರಿಕೆ ಯಾರಿಗಿತ್ತು ಎಂಬುದು ಬೇರೆ ಮಾತು.

ಅವಳ ಮನೆಯಲ್ಲಿ ಬಚ್ಚಲಿನ ಪಕ್ಕಕ್ಕೆ ಅದಕ್ಕೆಂದೇ ಒಂದು ಕೋಣೆಯಿತ್ತು. ಸೊಸೆ ಗಂಗಾಂಬಿಕೆಯ ಮೂರೂ ಬಾಣಂತನ ಆ ಕೋಣೆಯಲ್ಲೇ ಆದವು. ಚೊಚ್ಚಲಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ವಾಡಿಕೆ. ಆದರೆ ಗಂಗಾಂಬಿಕೆ ಹುಲಿಯೂರುದುರ್ಗದ ತಾಯಿಯಿಲ್ಲದ ಹುಡುಗಿ. “ಅಲ್ಲಿ ಯಾರು ನೋಡ್ಕಂತಾರೆ? ನಾನೇ ಮಾಡ್ತೀನಿ ಬುಡು” ಎಂದು ಸರ್ವಮಂಗಳಮ್ಮ ಸೊಸೆಯನ್ನು ಕಳಿಸಿರಲೇ ಇಲ್ಲ. ಊರ ಬಾಣಂತಿಯರಿಗೆ ಒಂದು ಪಾಲು ಆರೈಕೆಯಾದರೆ ತನ್ನ ಸೊಸೆಗೆ ಎರಡು ಪಾಲು. ಹೊದಿಕೆಯೂ ಎರಡು, ಅಗ್ಗಿಷ್ಟಿಕೆಯೂ ಎರಡು. ಪ್ರೀತಿಯೆಂದರೆ ಅವಳಿಗೆ ಬೆಚ್ಚಗಿಡುವುದು, ಅಷ್ಟೆ.

ಎಂಬತ್ತಮೂರನೇ ಇಸವಿಯ ಬೇಸಿಗೆ ಶುರುವಿನಲ್ಲಿ ಆ ಕೋಣೆಗೆ ಐಸ್‌ಕ್ಯಾಂಡಿ ಮಿಷನ್ನು ಬಂತು. ಮಗ ರೇವಣಸಿದ್ದಯ್ಯ ಅಷ್ಟರಲ್ಲಿ ಸೋಡಾ ಅಂಗಡಿ ಇಟ್ಟು ಮುಚ್ಚಿದ್ದ, ಬಾಡಿಗೆ ಸೈಕಲ್ ಅಂಗಡಿ ಇಟ್ಟು ಅದನ್ನೂ ಮುಚ್ಚಿದ್ದ. ಒಳ್ಳೆಯವನು, ವ್ಯಾಪಾರಕ್ಕೆ ಬೇಕಾದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಒಳ್ಳೆಯವನು. ತುಮಕೂರಿನಲ್ಲಿ ಯಾರೋ ಅಂಗಡಿ ಎತ್ತುತ್ತಿದ್ದಾರೆಂದು ತಿಳಿದು ಈ ಹಳೆಯ ಮಿಷನ್ನು ತಂದಿದ್ದ. ಬಚ್ಚಲು ಪಕ್ಕದಲ್ಲೇ ಇರುವುದರಿಂದ ನೀರಿಗೂ ಅನುಕೂಲ, ನೀರು ಹರಿದುಹೋಗುವುದಕ್ಕೂ ಅನುಕೂಲ ಎಂದು ಬಾಣಂತಿ ಕೋಣೆಯಲ್ಲಿಯೇ ಕೂರಿಸಿದರು.

ಮಿಷನ್ನೆಂದರೆ ಎರಡು ಭಾಗ. ಒಂದು ಕಡೆ ಮೋಟಾರು, ಬೆಲ್ಟು, ಕಂಪ್ರೆಸರ್, ಅದರ ಬೆನ್ನಿಗೆ ಸುರುಳಿ ಕೊಳವೆಗಳ ಜಾಲರಿ, ಜಾಲರಿಗೊಂದು ಫ್ಯಾನು. ಇನ್ನೊಂದು ಕಡೆ ಮರದ ಪೆಟ್ಟಿಗೆಯೊಳಗೆ ಉಪ್ಪುನೀರಿನ ತೊಟ್ಟಿ. ಸಕ್ಕರೆ ನೀರು ತುಂಬಿದ ತಗಡಿನ ಅಚ್ಚುಗಳನ್ನು ತೊಟ್ಟಿಯಲ್ಲಿ ಇಳಿಬಿಟ್ಟು ಕಡ್ಡಿ ಸಿಕ್ಕಿಸಿದರೆ ಕ್ಯಾಂಡಿ ಗಟ್ಟಿಯಾಗುತ್ತಿತ್ತು. ಮೊದಲ ಕ್ಯಾಂಡಿ ಕೈಗೆ ಬಂದಾಗ ಸರ್ವಮಂಗಳಮ್ಮ ಮಿಷನ್ನಿನ ಹಣೆಗೆ, ಅಂದರೆ ಮೋಟಾರಿನ ನೆತ್ತಿಗೆ, ಮೂರು ಬೆರಳು ವಿಭೂತಿ ಎಳೆದು ದೃಷ್ಟಿ ನಿವಾಳಿಸಿದಳು. ಮಗನ ಮುಖದಲ್ಲಿ ಅಂಥ ನಗು ಕಂಡು ಅವಳಿಗೆ ವರ್ಷಗಳೇ ಆಗಿದ್ದವು.

ಎದುರು ಮನೆಯ ದೊಡ್ಡಗಂಗಮ್ಮ ಮರುದಿನ ಬಂದು ನಿಂತು, “ಅಬ್ಬಬ್ಬ, ಎಂಗ್ ಓಡ್ತದೆ ನೋಡವ್ವ, ಕುದ್ರೆ ಓಡ್ದಂಗೆ!” ಎಂದು ಬಾಯಿ ತುಂಬ ಹೊಗಳಿ ಹೋದಳು. ಆ ಸಂಜೆಯೇ ಬೆಲ್ಟು ಪಟ್ಟೆಂದು ಹರಿಯಿತು. ಹಳೆಯ ಬೆಲ್ಟು, ಹರಿಯದೆ ಇನ್ನೇನು ಮಾಡೀತು? ಆದರೆ ಅದನ್ನು ಸರ್ವಮಂಗಳಮ್ಮನಿಗೆ ಹೇಳುವವರು ಯಾರು? ಅವಳ ಲೆಕ್ಕದಲ್ಲಿ ಅದು ದೊಡ್ಡಗಂಗಮ್ಮನ ಕಣ್ಣು. ಅವಳೊಂದಿಗೆ ಮಾತು ಬಿಟ್ಟಳು. ಹೊಸ ಬೆಲ್ಟು ಹಾಕಿದ ಕೂಡಲೇ ಕೋಣೆಯ ಎರಡೂ ಕಿಟಕಿ ಮುಚ್ಚಿ ಸಂದಿಗೆ ಗೋಣಿ ತುರುಕಿದಳು. ಬಾಗಿಲಿಗೆ ಪರದೆ ಬಂತು. ಮಿಷನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಕೊಳವೆ ಜಾಲರಿಯ ಮೇಲೆ ತನ್ನ ದಪ್ಪ ಕಂಬಳಿ ಹೊದಿಸಿದಳು.

“ಅವ್ವ, ಕಂಬಳಿ ಯಾಕೆ?” ಎಂದು ರೇವಣಸಿದ್ದಯ್ಯ ಕೇಳಿದ್ದಕ್ಕೆ, “ಹೊಸ್ದಾಗಿ ಬಂದೈತೆ ಕಣ್ಲಾ. ಗಾಳಿನೂ ಸೋಕಬಾರ್ದು, ಕಣ್ಣೂ ಸೋಕಬಾರ್ದು” ಎಂದಳು. ಅವ್ವ ಹೇಳಿದ ಮೇಲೆ ಆ ಮನೆಯಲ್ಲಿ ಎರಡನೆಯ ಮಾತಿರಲಿಲ್ಲ.

ಅಲ್ಲಿಂದ ಶುರುವಾಯಿತು ಮಿಷನ್ನಿನ ಕಾಹಿಲೆ. ಬೆಳಗಿನಿಂದ ರಾತ್ರಿಯವರೆಗೆ ಮೋಟಾರು ಒಂದೇ ಸಮ ಓಡಿದರೂ ಕ್ಯಾಂಡಿ ಗಟ್ಟಿಯಾಗದು. ಸೈಕಲ್ಲಿನ ಹಿಂದೆ ಡಬ್ಬಿ ಕಟ್ಟಿಕೊಂಡು ಬರುವ ಮಾರಾಟದವರು ಜಗಲಿಯ ಮೇಲೆ ಕಾದು ಕಾದು ಬೇರೆ ಕಡೆ ಹೋಗತೊಡಗಿದರು. ಕೊಂಡುಹೋದವರ ಡಬ್ಬಿಯಲ್ಲಿ ಊರಾಚೆ ದಾಟುವಷ್ಟರಲ್ಲಿ ಕಡ್ಡಿ ಬೇರೆ, ಬಣ್ಣದ ನೀರು ಬೇರೆ. ಕರೆಂಟ್ ಬಿಲ್ಲು ಮಾತ್ರ ಯಾರನ್ನೂ ಕಾಯಿಸದೆ ಬಂದಿತು. ಅದನ್ನು ಓದಿ ರೇವಣಸಿದ್ದಯ್ಯ ಆ ದಿನ ಊಟ ಬೇಡವೆಂದ.

ತುಮಕೂರಿನ ಬಟವಾಡಿಯಿಂದ ರಾಮಾಂಜಿನಯ್ಯ ಎಂಬ ಮೆಕ್ಯಾನಿಕ್ಕನ್ನು ಎರಡು ಬಾರಿ ಕರೆಸಿದರು. ಇಲ್ಲಿ ಒಂದು ತಮಾಷೆ ನಡೆಯಿತು. ಪೇಟೆಯ ಮನುಷ್ಯ ಬರುತ್ತಾನೆ, ಮನೆ ಚೊಕ್ಕಟವಾಗಿ ಕಾಣಬೇಕೆಂದು ಸರ್ವಮಂಗಳಮ್ಮ ಬೆಳಿಗ್ಗೆಯೇ ಗೋಣಿಯನ್ನೆಲ್ಲ ಕಿತ್ತು, ಕಿಟಕಿ ತೆರೆದು, ಕಂಬಳಿ ಮಡಿಸಿಟ್ಟು, ನೆಲ ಸಾರಿಸಿ ರಂಗೋಲಿ ಎಳೆದಿರುತ್ತಿದ್ದಳು. ರಾಮಾಂಜಿನಯ್ಯ ಬಂದು ಕಿವಿಯಿಟ್ಟು ಕೇಳಿ, ಮುಟ್ಟಿ ನೋಡಿ, “ಗ್ಯಾಸ್ ಸರಿಯಾಗೈತೆ, ಗಾಡಿ ಚೆನ್ನಾಗೈತೆ, ಏನೂ ತೊಂದ್ರೆ ಇಲ್ಲ ಸ್ವಾಮಿ” ಎಂದು ಕಾಫಿ ಕುಡಿದು ಹೋಗುತ್ತಿದ್ದ. ಡಾಕ್ಟರ ಮುಂದೆ ನಗುವ ಮಗು ಮನೆಗೆ ಬಂದ ಕೂಡಲೇ ಜ್ವರದಿಂದ ಅಳುವುದಿಲ್ಲವೇ, ಹಾಗೆ. ಅವನು ಬಸ್ಸು ಹತ್ತುವ ಹೊತ್ತಿಗೆ ಗೋಣಿ, ಪರದೆ, ಕಂಬಳಿ ಎಲ್ಲ ತಂತಮ್ಮ ಜಾಗಕ್ಕೆ ಮರಳಿರುತ್ತಿದ್ದವು. ಮಿಷನ್ನು ಮತ್ತೆ ಮುಲುಗತೊಡಗುತ್ತಿತ್ತು. “ನೋಡು, ಅವನ ಕೈಗುಣ ಒಳ್ಳೇದು. ಅವನು ಅತ್ಲಾಗೆ ಹೋದ, ಕಣ್ಣು ಇತ್ಲಾಗೆ ಬಂತು” ಎಂದು ಸರ್ವಮಂಗಳಮ್ಮ ಕಂಬಳಿಯ ಮೇಲೆ ಒಂದು ಜಮಖಾನವನ್ನೂ ಹೊದಿಸಿದಳು.

ಕೊನೆಗೆ ರೇವಣಸಿದ್ದಯ್ಯ ಕೈಚೆಲ್ಲಿದ. ಕುಣಿಗಲ್ ಕಡೆಯ ಅಮೃತೂರಿನಲ್ಲಿ ಐಸ್‌ಕ್ಯಾಂಡಿ ವ್ಯಾಪಾರ ಮಾಡುವ ಯಲ್ಲಯ್ಯ ಎಂಬಾತ ಅಗ್ಗದ ಬೆಲೆಗೆ ಮಿಷನ್ನು ಒಯ್ಯುತ್ತೇನೆಂದಿದ್ದ. ಸೋಮವಾರ ಬರುವುದೆಂದು ಮಾತಾಯಿತು. ಆಮೇಲೆ ತುಮಕೂರಿನಲ್ಲಿ ಭಾವನ ಮಂಡಿಯಲ್ಲಿ ಗುಮಾಸ್ತಿಕೆ. ಅಕ್ಕನ ಗಂಡ ಆ ಕೆಲಸ ಕೊಡುವಾಗಲೇ, “ನಿನ್ನ ಕೈಲಿ ಇನ್ನೇನಾಗ್ತದೆ” ಎಂದು ನಾಲ್ಕು ಜನರೆದುರು ನಕ್ಕಿದ್ದನಂತೆ. ಅದನ್ನು ಕೇಳಿದ ದಿನದಿಂದ ಸರ್ವಮಂಗಳಮ್ಮನಿಗೆ ತುತ್ತು ಇಳಿದಿರಲಿಲ್ಲ. ಬಡತನಕ್ಕೆ ಅವಳು ಹೆದರಿದವಳಲ್ಲ. ಮಗ ಆ ಅಳಿಯನ ಮುಂದೆ ತಲೆ ತಗ್ಗಿಸಿ ಕೂರುವುದನ್ನು ನೆನೆಯಲೂ ಅವಳಿಂದಾಗುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ರೇವಣಸಿದ್ದಯ್ಯ ಯಲ್ಲಯ್ಯನನ್ನು ಕರೆತರಲು ತುಮಕೂರಿನ ಬಸ್ ಸ್ಟ್ಯಾಂಡಿಗೆ ಹೊರಟ. ಅವನು ಓಣಿಯ ತಿರುವು ದಾಟುವವರೆಗೆ ನೋಡಿ ಸರ್ವಮಂಗಳಮ್ಮ ಒಳಗೆ ಬಂದಳು. ಅವಳಿಗೆ ಉಳಿದಿದ್ದುದು ಒಂದೇ ದಾರಿ. ಅಗ್ಗಿಷ್ಟಿಕೆಗೆ ಕೆಂಡ ತುಂಬಿ, ಮೇಲೆ ಸಾಂಬ್ರಾಣಿ ಉದುರಿಸಿ, ಕೋಣೆಯ ಬಾಗಿಲಿಗೆ ತಂದಳು. ಎಂಥ ಕಣ್ಣು ಬಿದ್ದಿದ್ದರೂ ಈ ಹೊಗೆಗೆ ಓಡಲೇಬೇಕು. ಓಡಿದರೆ ಮಿಷನ್ನು ಉಳಿದರೂ ಉಳಿದೀತು.

ಒಳಗೆ ಗಂಗಾಂಬಿಕೆ ಅಚ್ಚಿಗೆ ಸಕ್ಕರೆ ನೀರು ಹುಯ್ಯುತ್ತಿದ್ದಳು. ಕೆಂಡ ಕಂಡದ್ದೇ ಚೊಂಬು ಕೆಳಗಿಟ್ಟು ಬಾಗಿಲಿಗೆ ಅಡ್ಡ ನಿಂತಳು.

“ಬ್ಯಾಡಿ ಅತ್ತೆ.”

“ಏನೇ ಬ್ಯಾಡ?”

“ಆ ಕೆಂಡ ಒಳಕ್ಕೆ ತರಬ್ಯಾಡಿ.”

ಮದುವೆಯಾಗಿ ಬಂದಂದಿನಿಂದ ಸೊಸೆಯ ಬಾಯಲ್ಲಿ ‘ಬೇಡ’ ಎಂಬುದನ್ನು ಸರ್ವಮಂಗಳಮ್ಮ ಕೇಳಿರಲಿಲ್ಲ. ಅಗ್ಗಿಷ್ಟಿಕೆ ಹಿಡಿದ ಕೈ ಅಲ್ಲೇ ನಿಂತಿತು. “ಮಿಷನ್ ಹೊಂಟೋಗ್ತಾ ಐತೆ, ನಿನಗೇನಾದ್ರೂ ಸಂಕಟ ಐತೇನೇ? ಸರಿ ಅತ್ಲಾಗೆ.”

“ಸಂಕಟ ಇರೋದ್ಕೇ ಹೇಳ್ತಾ ಇದೀನಿ” ಎಂದಳು ಗಂಗಾಂಬಿಕೆ. ನಿಂತ ಜಾಗ ಬಿಡಲಿಲ್ಲ. “ಈ ಕೋಣೇಲಿ ಕೆಂಡ ಇಟ್ರೆ ಎಂಗಿರ್ತದೆ ಅಂತ ನಿಮಗೊತ್ತಿಲ್ಲ ಅತ್ತೆ, ನನಗೊತ್ತು. ವೈಶಾಖದ ಬಿಸ್ಲಾಗೆ ಇಲ್ಲಿ ಬೆಂದೋಗಿದೀನಿ. ಈ ಮಿಷನ್ನೂ ಅಂಗೇ ಬೇಯ್ತಾ ಐತೆ. ಬೆಳಿಗ್ಗಿಂದ ಸಂಜೆಗಂಟ ಇಲ್ಲೇ ಇರ್ತೀನಲ್ಲ, ನನಗೆ ಗೊತ್ತಾಗ್ತದೆ. ಆ ಮೆಕ್ಯಾನಿಕ್ಕು ಬಂದಾಗೆಲ್ಲ ಯಾಕೆ ಸರಿ ಇರ್ತದೆ? ಆವತ್ತು ಕಿಟಕಿ ತೆಗ್ದಿರ್ತೀರಿ, ಅದ್ಕೆ.”

“ನಾನೇನು ಹೆತ್ತಿಲ್ವಾ? ಬಾಣಂತನ ಮಾಡಿಸ್ಕಂಡಿಲ್ವಾ? ನನಗೇನಾಯ್ತು?”

ಹೆತ್ತಿದ್ದಳು ನಿಜ. ಆದರೆ ಅದು ಮಾರ್ಗಶಿರದ ಕೊರೆಯುವ ಚಳಿಯಲ್ಲಿ, ತವರಿನ ಸೋಗೆ ಮನೆಯಲ್ಲಿ, ನಾಲ್ಕು ಕಡೆಯಿಂದಲೂ ಗಾಳಿ ನುಗ್ಗುವ ಮೂಲೆಯಲ್ಲಿ. ಆ ಕೆಂಡದ ಕಾವು ಅವಳಿಗೆ ಹೆತ್ತವ್ವನ ಮಡಿಲಿನಷ್ಟೇ ಹಿತವಾಗಿತ್ತು. ಆ ಹಿತವನ್ನೇ ಅವಳು ಜೀವಮಾನವಿಡೀ ಊರ ಹೆಣ್ಣುಮಕ್ಕಳಿಗೆ ಹಂಚಿಕೊಂಡು ಬಂದಿದ್ದಳು, ಕಾಲ ಯಾವುದು, ಕೋಣೆ ಎಂಥದು ಎಂದು ನೋಡದೆ.

“ಅಂಗಾದ್ರೆ ಒಳಗೆ ಕೂತ್ಕಳ್ಳಿ. ನಾನು ಬಾಗ್ಲು ಹಾಕ್ತೀನಿ” ಎಂದಳು ಗಂಗಾಂಬಿಕೆ.

“ಕೂರ್ತೀನಿ. ನನಗೇನು ಭಯ್ವೇ?”

ಅಗ್ಗಿಷ್ಟಿಕೆಯೊಂದಿಗೆ ಸರ್ವಮಂಗಳಮ್ಮ ಒಳಗೆ ಹೋಗಿ ಮಣೆಯ ಮೇಲೆ ಕೂತಳು. ಬಾಗಿಲು ಮುಚ್ಚಿತು. ಆ ಕೋಣೆಯಲ್ಲಿ ಅವಳು ಮಾಡದ ಕೆಲಸವಿರಲಿಲ್ಲ; ನೀರೆರೆದಿದ್ದಳು, ಹೊಗೆ ಹಾಕಿದ್ದಳು, ಕಷಾಯ ಕುಡಿಸಿದ್ದಳು. ಆದರೆ ಕೆಲಸ ಮುಗಿದ ಕೂಡಲೇ ಹೊರಗೆ ಬಂದು ಜಗಲಿಯ ಗಾಳಿಗೆ ಕೂರುತ್ತಿದ್ದಳು. ಬಾಗಿಲು ಮುಚ್ಚಿದ ಮೇಲೆ ಒಳಗೆ ಏನಾಗುತ್ತದೆಂದು ನೋಡಲು ಎಂದೂ ಉಳಿದಿರಲಿಲ್ಲ. ಸ್ವಲ್ಪ ಹೊತ್ತಿಗೇ ಬೆನ್ನ ಮೇಲೆ ಬೆವರು ಹರಿಯಿತು. ಹಣೆಯ ವಿಭೂತಿ ಕರಗಿ ಕಣ್ಣಿಗಿಳಿಯಿತು. ಮೋಟಾರು ಕಿವಿಯ ಪಕ್ಕದಲ್ಲೇ ಏದುಸಿರು ಬಿಡುತ್ತಿತ್ತು. ಕಂಬಳಿಯ ಮೇಲೆ ಕೈಯಿಟ್ಟರೆ ರೊಟ್ಟಿ ಹಂಚು ಮುಟ್ಟಿದಂತಾಯಿತು.

ಹಟಕ್ಕೆ ಬಿದ್ದು ಕೂತಳು. ಆದರೆ ಕೂತಲ್ಲಿ ಅವಳಿಗೆ ಬೇಡವೆಂದರೂ ನೆನಪಾದದ್ದು ಇಪ್ಪತ್ತರ ಹರೆಯದ ಒಂದು ಹುಡುಗಿ. ತಲೆಗೆ ಬಟ್ಟೆ ಬಿಗಿದುಕೊಂಡು, ತುಟಿ ಒಣಗಿ, ಇದೇ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. “ಅತ್ತೆ, ಕಿಟಕಿ” ಎಂದು ಏನೋ ಅಂದಿದ್ದಳು. “ಜ್ವರ ಬಂದೈತೆ, ಬಡಬಡಿಸ್ತಾವ್ಳೆ” ಎಂದು ತಾನು ಇನ್ನೊಂದು ಕಂಬಳಿ ಹೊದಿಸಿದ್ದಳು. ತಾಯಿಯಿಲ್ಲದ ಹುಡುಗಿ, ಇನ್ಯಾರನ್ನು ಕೇಳಬೇಕಿತ್ತು ಅವಳು? ಸರ್ವಮಂಗಳಮ್ಮ ಎದ್ದು ಬಾಗಿಲು ಬಡಿದಳು.

ಹೊರಗೆ ಬಂದವಳು ಒಂದು ಚೊಂಬು ನೀರನ್ನು ನಿಂತೇ ಗಟಗಟ ಕುಡಿದಳು. ಗಂಗಾಂಬಿಕೆ ಬೀಸಣಿಗೆ ತಂದು ಗಾಳಿ ಹಾಕಿದಳು. ಗೆದ್ದೆನೆಂಬ ಕಳೆ ಅವಳ ಮುಖದಲ್ಲಿರಲಿಲ್ಲ, ಮುದುಕಿಗೆ ಏನಾದರೂ ಆದೀತೆಂಬ ಗಾಬರಿಯೇ ಇತ್ತು.

“ಈಗೇನ್ ಮಾಡನ?” ಎಂದಳು ಸರ್ವಮಂಗಳಮ್ಮ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. ಆ ಮನೆಯಲ್ಲಿ ಅವಳು ಇನ್ನೊಬ್ಬರನ್ನು ಹಾಗೆ ಕೇಳಿದ್ದು ಅದೇ ಮೊದಲು.

ಗಂಗಾಂಬಿಕೆ ಅಗ್ಗಿಷ್ಟಿಕೆ ಹೊರಗಿಟ್ಟು ಅತ್ತೆಯ ಕೈ ಹಿಡಿದು ಒಳಗೆ ಕರೆದೊಯ್ದಳು. ಆ ಕೈಯನ್ನು ಮೊದಲು ಕೊಳವೆ ಜಾಲರಿಯ ಹತ್ತಿರ ಹಿಡಿದಳು. ಸುಡುತ್ತಿತ್ತು. ಆಮೇಲೆ ಮರದ ಪೆಟ್ಟಿಗೆಯ ಮೇಲಿಟ್ಟಳು. ಪೆಟ್ಟಿಗೆಯ ಹಲಗೆಗಳು ಸೀಳುಬಿಟ್ಟಿದ್ದವು. ಅಲ್ಲಿಂದ ತಣ್ಣನೆ ಗಾಳಿ ಸೋರಿ, ಹೊರಮೈಯೆಲ್ಲ ನೀರು ಹನಿಗಟ್ಟಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

“ಈ ಜಾಲರಿ ಬಾಣಂತಿ ಅನ್ಕಳ್ಳಿ, ಈ ಪೆಟ್ಟಿಗೆ ಕೂಸು ಅನ್ಕಳ್ಳಿ” ಎಂದಳು. “ಕೂಸಿನ ಮೈಯಾಗಿನ ಕಾವನ್ನೆಲ್ಲ ಬಾಣಂತಿ ಎಳ್ಕಂಡು ಹೊರಗೆ ಬಿಡ್ತಾಳೆ. ಅವಳಿಗೆ ಗಾಳಿ ಬೇಕು. ಕೂಸಿಗೆ ಹೊದ್ಕೆ ಬೇಕು, ಇಲ್ಲಾಂದ್ರೆ ಹೊರಗಿನ ಕಾವು ಮತ್ತೆ ಅದಕ್ಕೇ ತಗುಲ್ತದೆ. ನಾವು ಬಾಣಂತಿಗೆ ಕಂಬ್ಳಿ ಹೊದ್ಸಿ ಕೂಸನ್ನ ಬರಿಮೈಲಿ ಮಲಗ್ಸಿದೀವಿ.”

“ಅಯ್ಯೋ ಶಿವನೇ, ಬರಿಮೈಲಿ!” ಎಂದಳು ಸರ್ವಮಂಗಳಮ್ಮ. ಬೇರೆ ಯಾವ ಮಾತೂ ಅವಳನ್ನು ಅಷ್ಟು ಬೇಗ ಮುಟ್ಟುತ್ತಿರಲಿಲ್ಲ. ಕೂಸನ್ನು ಹೊದಿಸುವ ವಿಷಯದಲ್ಲಿ ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಆಮೇಲಿನ ಕೆಲಸವೆಲ್ಲ ಅವಳದೇ ದರ್ಬಾರು. ಗೋಣಿ ಕಿತ್ತು ಎಸೆದು ಕಿಟಕಿ ತೆರೆದಳು, ಜಾಲರಿಯ ಮೇಲಿನ ಜಮಖಾನ, ಕಂಬಳಿ ಎಳೆದು ಹಾಕಿದಳು. ಇಬ್ಬರೂ ಸೇರಿ ಮಿಷನ್ನಿನ ಬೆನ್ನನ್ನು ಗೋಡೆಯಿಂದ ಮೊಳದಷ್ಟು ಈಚೆಗೆ ಎಳೆದರು. ಜಾಲರಿಗೆ ಅಂಟಿದ್ದ ಧೂಳು, ಕಂಬಳಿಯ ಜುಂಗು, ಸಾಂಬ್ರಾಣಿ ಮಸಿಯನ್ನೆಲ್ಲ ಗಂಗಾಂಬಿಕೆ ಪೊರಕೆ ಕಡ್ಡಿಯಿಂದ ಬಿಡಿಸಿದಳು. ಸರ್ವಮಂಗಳಮ್ಮ ಓಣಿಯಾಚೆಯ ಹಗ್ಗ ಹೊಸೆಯುವವರ ಹತ್ತಿರ ಹೋಗಿ, ಅವರು ಕಸವೆಂದು ರಾಶಿ ಹಾಕಿದ್ದ ತೆಂಗಿನ ನಾರಿನ ಪುಡಿಯನ್ನು ಚೀಲಗಳಿಗೆ ತುಂಬಿಸಿ ತಂದಳು. ಹಲಗೆಯ ಸೀಳುಗಳಿಗೆ ನಾರು ತುರುಕಿ, ಪೆಟ್ಟಿಗೆಯ ಸುತ್ತ ಆ ಚೀಲಗಳನ್ನು ಒತ್ತೊತ್ತಾಗಿ ಜೋಡಿಸಿ, ಮುಚ್ಚಳದ ಮೇಲೆ ಕಂಬಳಿ ನಾಲ್ಕು ಮಡಿಕೆ ಮಾಡಿ ಹಾಸಿ, ಹಳೆಯ ಸೀರೆಯಿಂದ ಬಿಗಿದು ಕಟ್ಟಿದಳು. ಕಟ್ಟಿ ಮುಗಿಸಿ, ಅಭ್ಯಾಸಬಲದಿಂದ ಪೆಟ್ಟಿಗೆಯನ್ನು ಎರಡು ಸಲ ಮೆಲ್ಲಗೆ ತಟ್ಟಿಯೂ ಬಿಟ್ಟಳು. ಗಂಗಾಂಬಿಕೆಗೆ ನಗು ತಡೆಯಲಾಗಲಿಲ್ಲ. ಮುದುಕಿಯೂ ನಕ್ಕಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಟೆಂಪೋ ಬಂತು. ರೇವಣಸಿದ್ದಯ್ಯನ ಹಿಂದೆ ಯಲ್ಲಯ್ಯ ಇಳಿದ. ದಪ್ಪ ಮೀಸೆಯ, ದೊಡ್ಡ ದನಿಯ ಆಳು. ಮಿಷನ್ನು ಹೋಗುವುದನ್ನು ನೋಡಲು ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ಸೇರಿದರು. ದೊಡ್ಡಗಂಗಮ್ಮನೂ ದೂರದಲ್ಲಿ ನಿಂತಿದ್ದಳು. ಯಲ್ಲಯ್ಯ ಕೋಣೆಯ ಹೊಸಿಲು ದಾಟಿದ, ಅಷ್ಟೇ. ಟಕ್ಕೆಂದು ಮೋಟಾರು ನಿಂತುಹೋಯಿತು.

ಬೇಸಿಗೆಯಿಡೀ ನಿಲ್ಲದ ಮೋಟಾರು. ಸರ್ವಮಂಗಳಮ್ಮ ಓಡಿ ಬಂದು ಅದರ ನೆತ್ತಿ ಮುಟ್ಟಿದಳು. ಕೊಂದುಬಿಟ್ಟೆವಲ್ಲ ಎಂದುಕೊಂಡಳು. ಕಂಬಳಿ ತೆಗೆದದ್ದು ತಪ್ಪಾಯಿತು, ಗಾಳಿ ಸೋಕಿಬಿಟ್ಟಿತು, ಸಿಗುತ್ತಿದ್ದ ಬೆಲೆಯೂ ಹೋಯಿತು. ಮಗನ ಮುಖ ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

“ಕರೆಂಟು ಹೋಯ್ತಾ?” ಎಂದ ಯಲ್ಲಯ್ಯ. ಬಲ್ಬು ಉರಿಯುತ್ತಿತ್ತು. “ಓಹೋ, ಮೋಟ್ರೇ ಹೋಗೈತೆ. ಏನ್ ಸ್ವಾಮಿ, ಸತ್ತಿರೋದನ್ನ ನನ್ನ ತಲೆಗೆ ಕಟ್ತೀರಾ?”

ರೇವಣಸಿದ್ದಯ್ಯ ಬಾಯಿ ತೆರೆಯುವ ಮೊದಲೇ ಗಂಗಾಂಬಿಕೆ ಮುಂದೆ ಬಂದು ಸೀರೆಯ ಗಂಟು ಬಿಚ್ಚಿ, ಕಂಬಳಿ ಸರಿಸಿ, ಮುಚ್ಚಳ ಎತ್ತಿದಳು. ಹಿಮದ ಹೊಗೆ ಮೇಲೆದ್ದಿತು. ಒಂದು ಅಚ್ಚನ್ನು ನೀರಿಗೆ ಅದ್ದಿ ಎಳೆದರೆ ಕ್ಯಾಂಡಿ ಕಲ್ಲಿನಂತೆ ಗಟ್ಟಿಯಾಗಿ ಕೈಗೆ ಬಂತು. ಯಲ್ಲಯ್ಯ ಅದನ್ನು ಪೆಟ್ಟಿಗೆಯ ಅಂಚಿಗೆ ಕುಟ್ಟಿದ. ಠಣ್ ಎಂದಿತು. ಬಗ್ಗಿ ತೊಟ್ಟಿಯ ಪಕ್ಕದ ಪುಟ್ಟ ಸ್ವಿಚ್ಚನ್ನು ನೋಡಿ, ತಲೆ ಕೆರೆದುಕೊಂಡ.

“ಸತ್ತಿಲ್ಲ ಕಣ್ರೀ ಇದು. ತಂಪು ಸಾಕಾಯ್ತು ಅಂತ ತಾನೇ ನಿಂತೈತೆ. ಇಂಥಾ ಸ್ವಿಚ್ಚು ನನ್ ಮಿಷನ್ನಿಗೂ ಐತೆ, ಬೇಸ್ಗೇಲಿ ಅದು ನಿಂತಿದ್ದು ನಾನ್ ಒಂದಿನಾನೂ ಕಾಣೆ.”

ಹೊಸಿಲಿನಲ್ಲಿ ಜನ ಕತ್ತು ಚಾಚಿದರು. ಮುಚ್ಚಳ ತೆರೆದಿದ್ದ ತೊಟ್ಟಿಯ ತಂಪು ಮೆಲ್ಲಗೆ ಇಳಿದಿರಬೇಕು. ಯಾರೂ ಮುಟ್ಟದಿದ್ದರೂ ಮೋಟಾರು ಗುರ್ರೆಂದು ತಾನೇ ಹೊರಟಿತು. ರೇವಣಸಿದ್ದಯ್ಯ ಮಿಷನ್ನನ್ನೊಮ್ಮೆ, ಹೆಂಡತಿಯನ್ನೊಮ್ಮೆ ಮಿಕಿಮಿಕಿ ನೋಡಿದ.

“ಅವ್ವ, ಏನ್ ಮಾಡಿದ್ರಿ? ದೃಷ್ಟಿ ತೆಗೆದ್ರಾ?”

‘ಹೌದು’ ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಓಣಿಯೆಲ್ಲ ಸರ್ವಮಂಗಳಮ್ಮನ ಸಾಂಬ್ರಾಣಿಯನ್ನು ಹೊಗಳಿಕೊಂಡು ಮನೆಗೆ ಹೋಗುತ್ತಿತ್ತು. ಅವಳು ಸೆರಗು ಸರಿಮಾಡಿಕೊಂಡಳು.

“ದೃಷ್ಟಿನೂ ಇಲ್ಲ ಗಿಷ್ಟಿನೂ ಇಲ್ಲ ಕಣಪ್ಪ. ನಾನೇ ಅದರ ಉಸಿರು ಕಟ್ಸಿದ್ದೆ. ನಿನ್ ಹೆಂಡ್ತಿ ಬುಡಿಸಿದ್ಲು.” ಹಾಗೆಂದು ಬಾಗಿಲ ಕಡೆ ತಿರುಗಿದಳು. “ದೊಡ್ಡಗಂಗಮ್ಮ, ನಿನ್ ಕಣ್ಣಿಗೆ ಸುಮ್ಸುಮ್ನೆ ಬೈಕಂಡಿದ್ದೆ ಕಣವ್ವ. ಬಾ ಒಳಗೆ, ಒಂದು ಕ್ಯಾಂಡಿ ತಿನ್ನು.”

ದೊಡ್ಡಗಂಗಮ್ಮ ಬಂದಳು, ಎರಡು ತಿಂದಳು.

“ಈಗ ಮಾರೋದ್ ಬ್ಯಾಡ ಅನ್ಸತೈತೆ. ಆದ್ರೆ ಮಾತು ಕೊಟ್ಬುಟ್ಟಿದೀನಿ” ಎಂದು ರೇವಣಸಿದ್ದಯ್ಯ ಸಂಕಟಪಟ್ಟ. ಮೊದಲೇ ಹೇಳಿದೆನಲ್ಲ, ಒಂದು ಹಿಡಿ ಹೆಚ್ಚು ಒಳ್ಳೆಯವನು.

ಯಲ್ಲಯ್ಯ ಮೀಸೆ ಒರೆಸಿಕೊಂಡು ನಕ್ಕ. “ಕೆಟ್ಟಿರೋ ಮಿಷನ್ನಿಗೆ ಮಾತಾಡಿದ್ದು ನಾನು. ನೆಟ್ಟಗಿರೋದನ್ನ ಆ ರೇಟಿಗೆ ಹೊತ್ಕಂಡು ಹೋದ್ರೆ ದೇವ್ರು ಮೆಚ್ತಾನಾ? ಟೆಂಪೋ ಬಾಡ್ಗೆ ಕೊಟ್ಬುಡಿ, ಸಾಕು. ಆದ್ರೆ ಈಯಮ್ನೋರು ಒಂದ್ಸಲ ಅಮೃತೂರಿಗೆ ಬಂದು ನನ್ನ ತಗಡಿನ ಶೆಡ್ಡೂ ನೋಡಬೇಕು.” ಕೈಮುಗಿದದ್ದು ಗಂಗಾಂಬಿಕೆಗೆ. ಅವಳು ನಾಚಿ ಅತ್ತೆಯ ಹಿಂದೆ ಸರಿದಳು.

ಮುಂದಿನ ತಿಂಗಳ ಕರೆಂಟ್ ಬಿಲ್ಲು ಅಷ್ಟೊಂದು ಇಳಿದದ್ದು ಕಂಡು ರೇವಣಸಿದ್ದಯ್ಯ ಮೀಟರೇ ಕೆಟ್ಟಿದೆಯೆಂದು ಹೆದರಿಕೊಂಡ. ಆದರೆ ಅದು ಆಮೇಲಿನ ಮಾತು. ಆ ಸಂಜೆ ಜನ ಚದುರಿ, ಟೆಂಪೋ ಹೋಗಿ, ಅವನು ಮಾರಾಟದವರನ್ನು ಕರೆಯಲು ಓಡಿದ ಮೇಲೆ ಅತ್ತೆ ಸೊಸೆ ಇಬ್ಬರೇ ಕೋಣೆಯ ಕಿಟಕಿಯ ಕೆಳಗೆ ಕೂತರು. ಗಾಳಿ ಸುಳಿಯುತ್ತಿತ್ತು. ಮೋಟಾರು ಒಮ್ಮೆ ಓಡುತ್ತಿತ್ತು, ಒಮ್ಮೆ ಸುಮ್ಮನಾಗುತ್ತಿತ್ತು.

ಸರ್ವಮಂಗಳಮ್ಮ ಸೊಸೆಯ ಕಡೆ ನೋಡದೆ ಕೇಳಿದಳು. “ಅವತ್ತೇ ಯಾಕೆ ಹೇಳ್ಲಿಲ್ಲವೇ ನನಗೆ?”

“ಹೇಳಿದ್ದೆ ಅತ್ತೆ.”

“ಹೂಂ. ಹೇಳಿದ್ದೆ.” ಮುದುಕಿಯ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ. ಸೊಸೆಯ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. “ಇನ್ನೊಂದ್ಸಲ ಹೇಳವ್ವ. ಮೊದಲ್ನೇ ದಿನದಿಂದ ಹೇಳು. ಈಗ ಕೇಳ್ತೀನಿ.”

ಗಂಗಾಂಬಿಕೆ ಮೊದಲ ಬಾಣಂತನದಿಂದ ಹೇಳತೊಡಗಿದಳು.